ಹೆಸರಿಗೆ ರಾಗಿ, ಪಾಕೀಟಿನ ತುಂಬ ಅಕ್ಕಿ: ದುಬಾರಿ ‘ಹೆಲ್ದಿ’ ತಿನಿಸುಗಳನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಮ್ಮದು ಹುಬ್ಬಳ್ಳಿ ವಿದ್ಯಾನಗರ. ಅತ್ತಿಯವರಿಗೆ 68 ವರ್ಷ, ಶುಗರ್ ಮತ್ತ ಬಿ.ಪಿ. ಎರಡೂ ಅದಾವ. ಮಗಗ ಒಂಬತ್ತು ವರ್ಷ. ಈಗೀಗ ಮಾಲ್‌ನ್ಯಾಗ, ಆನ್‌ಲೈನ್‌ನ್ಯಾಗ ಹೊಸ ನಮೂನಿ ತಿನಿಸು ಭಾಳ ಬಂದಾವ. ನಾವು ತಂದಿದ್ದು ಪೆರಿಪೆರಿ ಅನ್ನೂ ಖಾರದ ಮಸಾಲಿ ಹಚ್ಚಿದ ಮಖಾನಾ (60 ಗ್ರಾಂ, 149 ರೂ.), ರಾಗಿ ಮತ್ತ ಕ್ವಿನೋವಾ ಅನ್ನೂ ಹೊರದೇಶದ ಕಾಳು ಹಾಕಿ ಉಬ್ಬಿಸಿದ ಪಫ್ಸ್ (40 ಗ್ರಾಂ, 80 ರೂ.), ಹಲಸಿನ ಹಣ್ಣಿನ ವ್ಯಾಕ್ಯೂಮ್ ಚಿಪ್ಸ್ (50 ಗ್ರಾಂ, 120 ರೂ.), ಬಟಾಣಿ ಪ್ರೋಟೀನ್ ಚಿಪ್ಸ್ (30 ಗ್ರಾಂ, 60 ರೂ.), ಮತ್ತ ಬಿದಿರಿನ ಇದ್ದಿಲು ಹಾಕಿದ ಕರೀ ಬಣ್ಣದ ಪಫ್ಸ್. ಪಾಕೀಟುಗಳ ಹಿಂಬದಿಯ ಬರಹದ ಫೋಟೋ ಎಲ್ಲಾ ಕಳಿಸೀನಿ. ಅತ್ತಿಯವರು ‘ಮಖಾನಾ ಅಂದ್ರ ಉಪವಾಸಕ್ಕ ತಿನ್ನೂದು, ನನಗೇನೂ ಆಗೂದಿಲ್ಲ’ ಅಂತ ಒಂದ ಸಂಜಿಗೆ ಪೂರ್ತಿ ಪಾಕೀಟು ಮುಗಸ್ತಾರ. ನಮ್ಮವರು ‘ಈ ರೊಕ್ಕದಾಗ ಎರಡು ಕಿಲೋ ಚುರಮರಿ ಬರತಾವ, ಎಲ್ಲಾ ಮೋಸ’ ಅಂತಾರ. ಯಾರದು ಖರೆ? ಮೈದುನ ಥಾಯ್ಲೆಂಡ್‌ದಿಂದ ಹುಳದ ಪುಡಿ ಹಾಕಿದ ಪ್ರೋಟೀನ್ ಬಾರ್ ತಂದಾರ, ಅದನ್ನ ಮುಟ್ಟಬಹುದೇನು? ದೀಪಾವಳಿಗೆ ಮಂದಿಗೆ ಕೊಡಾಕ ಇಂಥಾವ ಗಿಫ್ಟ್ ಬಾಕ್ಸ್ ತಗೊಳ್ಳೂಣೋ ಬ್ಯಾಡೋ?

ಉತ್ತರ: ನಿಮ್ಮ ಪತ್ರದಲ್ಲಿ ರೊಕ್ಕದ ಚಿಂತೆ ಒಂದು, ಅತ್ತೆಯವರ ಆರೋಗ್ಯದ ಚಿಂತೆ ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಮನೆಯಲ್ಲಿ ವಾದ ಮುಗಿಯುತ್ತಿಲ್ಲ. ದುಬಾರಿ ಎಂಬ ಕಾರಣಕ್ಕೆ ತಿನಿಸು ಮೋಸವಾಗುವುದಿಲ್ಲ, ಮಖಾನಾ ಎಂಬ ಹೆಸರಿದೆ ಎಂದು ಶುಗರ್ ಇದ್ದವರು ಪೂರ್ತಿ ಪಾಕೀಟು ತಿನ್ನಲು ಬರುವುದೂ ಇಲ್ಲ. ಈ ಹೊಸ ತಿನಿಸುಗಳಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ಪದಾರ್ಥಕ್ಕೂ ನಾವು ನಿಜವಾಗಿ ಅಗಿಯುತ್ತಿರುವ ಪದಾರ್ಥಕ್ಕೂ ಬಹಳ ಸಲ ಸಂಬಂಧ ಕಡಿಮೆ. ಆದ್ದರಿಂದ ಹೆಸರನ್ನು ಬದಿಗಿಟ್ಟು ಮೂರು ಸಂಗತಿ ನೋಡಬೇಕು: ಆ ಪದಾರ್ಥ ಎಷ್ಟು ಶೇಕಡಾ ಇದೆ, ಉಳಿದದ್ದು ಏನು, ಯಾವ ವಿಧಾನದಲ್ಲಿ ಅರಳಿಸಿದ್ದಾರೆ ಅಥವಾ ಕರಿದಿದ್ದಾರೆ.

ಎಷ್ಟಿದೆ ಎಂಬುದನ್ನು ತಿಳಿಯಲು ಕಾನೂನೇ ದಾರಿ ಮಾಡಿಕೊಟ್ಟಿದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕ ಇರುವುದು ಮೊದಲು ಬರಬೇಕು, ಕಡಿಮೆ ಇರುವುದು ಕೊನೆಗೆ. ಹಲವು ಪದಾರ್ಥ ಬೆರೆಸಿದ ತಿನಿಸಿನಲ್ಲಿ ಯಾವುದಾದರೂ ಒಂದನ್ನು ಮುಂಭಾಗದಲ್ಲಿ ಅಕ್ಷರದಿಂದಲೋ ಚಿತ್ರದಿಂದಲೋ ಎತ್ತಿ ತೋರಿಸಿದ್ದರೆ ಅದು ಶೇಕಡಾ ಎಷ್ಟಿದೆ ಎಂದು ಬರೆಯಲೇಬೇಕು. ನಿಮ್ಮ ರಾಗಿ-ಕ್ವಿನೋವಾ ಪಫ್ಸ್‌ನ ಹಿಂಭಾಗ ಓದಿ: ಅಕ್ಕಿ ಹಿಟ್ಟು, ಮೆಕ್ಕೆಜೋಳದ ರವೆ, ಪಾಮೋಲಿನ್ ಎಣ್ಣೆ, ರಾಗಿ ಹಿಟ್ಟು ಶೇ. 12, ಮಸಾಲೆ, ಕ್ವಿನೋವಾ ಶೇ. 3. ಅಂದರೆ 40 ಗ್ರಾಂ ಪಾಕೀಟಿನಲ್ಲಿ ರಾಗಿ 5 ಗ್ರಾಂ ಕೂಡ ಇಲ್ಲ, ಕ್ವಿನೋವಾ 1 ಗ್ರಾಂ ಚಿಲ್ಲರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 364 ಮಿ.ಗ್ರಾಂ ಸುಣ್ಣದ ಅಂಶ (ಕ್ಯಾಲ್ಸಿಯಂ) ಕೊಟ್ಟಿದ್ದಾರೆ. ಆ ಲೆಕ್ಕದಲ್ಲಿ ನಿಮ್ಮ ಪಾಕೀಟಿನ ರಾಗಿಯಿಂದ ಮಗನಿಗೆ ಸಿಗುವುದು 17 ಮಿ.ಗ್ರಾಂ. 50 ಗ್ರಾಂ ರಾಗಿ ಹಿಟ್ಟಿನ ಅಂಬಲಿಯಲ್ಲಿ 180 ಮಿ.ಗ್ರಾಂ ಸಿಗುತ್ತದೆ. ರಾಗಿಯ ಹೆಸರಿಗಾಗಿ 80 ರೂಪಾಯಿ ಕೊಟ್ಟಿದ್ದರೆ ಅದು ನಷ್ಟದ ವ್ಯಾಪಾರ. ಕುರುಕುರು ರುಚಿಗಾಗಿ ಕೊಟ್ಟಿದ್ದರೆ ನಾನು ತಕರಾರು ಮಾಡುವುದಿಲ್ಲ.

ತಯಾರಕರು ರಾಗಿಯನ್ನು ಹೆಚ್ಚು ಹಾಕದೆ ಇರುವುದಕ್ಕೆ ಬರೀ ಜಿಪುಣತನ ಕಾರಣವಲ್ಲ. ಇಂಥ ಪಫ್ಸ್ ಎಕ್ಸ್‌ಟ್ರೂಡರ್ ಎಂಬ ಯಂತ್ರದಲ್ಲಿ ತಯಾರಾಗುತ್ತವೆ. ತುಸು ತೇವ ಮಾಡಿದ ಹಿಟ್ಟನ್ನು ಒಳಗಿನ ತಿರುಪು ಒತ್ತಿ ತಳ್ಳುತ್ತದೆ. ಒತ್ತಡ ಮತ್ತು ಕಾವಿನಲ್ಲಿ ಪಿಷ್ಟ ಬೆಂದು ಅಂಟಾಗುತ್ತದೆ. ಸಣ್ಣ ತೂತಿನಿಂದ ಹೊರಬಿದ್ದ ಕ್ಷಣ ಒತ್ತಡ ಇಳಿದು ಒಳಗಿನ ನೀರು ಆವಿಯಾಗಿ ಹಿಗ್ಗುತ್ತದೆ, ಹಿಟ್ಟು ಗುಳ್ಳೆಗುಳ್ಳೆಯಾಗಿ ಉಬ್ಬಿ ಅಲ್ಲೇ ಗಟ್ಟಿಯಾಗುತ್ತದೆ. ಆ ಗುಳ್ಳೆಯ ಗೋಡೆ ಹರಿಯದೆ ನಿಲ್ಲಬೇಕಾದರೆ ಶುದ್ಧ ಪಿಷ್ಟ ಬೇಕು, ಅದಕ್ಕೆ ಅಕ್ಕಿ ಮತ್ತು ಮೆಕ್ಕೆಜೋಳ ಹೇಳಿ ಮಾಡಿಸಿದವು. ರಾಗಿ, ನವಣೆ, ಸಜ್ಜೆಗಳ ನಾರು ಗೋಡೆಯನ್ನು ತೂತು ಮಾಡುತ್ತದೆ, ಪ್ರೋಟೀನ್ ಹೆಚ್ಚಾದರೆ ಹಿಗ್ಗುವುದೇ ಕಡಿಮೆಯಾಗುತ್ತದೆ. ಫಲವಾಗಿ ಪಫ್ ಸಣ್ಣದಾಗಿ, ಗಟ್ಟಿಯಾಗಿ ಬರುತ್ತದೆ. ಬಾಯಲ್ಲಿ ಹಗುರಾಗಿ ಕರಗುವ ‘ಸಿರಿಧಾನ್ಯ’ ಪಫ್ಸ್ ಸಿಕ್ಕಿತೆಂದರೆ ಅದರಲ್ಲಿ ಸಿರಿಧಾನ್ಯ ಕಡಿಮೆ ಎಂದು ಪಾಕೀಟು ತಿರುಗಿಸದೆಯೇ ಊಹಿಸಬಹುದು. ತುಸು ಒರಟಾಗಿ, ಹಲ್ಲಿಗೆ ಕೆಲಸ ಕೊಡುವಂತಿದ್ದರೆ ಶೇಕಡಾವಾರು ಓದುವ ಶ್ರಮ ತೆಗೆದುಕೊಳ್ಳಿ, ಅಲ್ಲಿ ನಿಜವಾಗಿ ಧಾನ್ಯ ಇರಬಹುದು.

ಇದೇ ವಿಧಾನ ಶುಗರ್ ಇದ್ದವರಿಗೆ ಇನ್ನೊಂದು ತೊಡಕು ತರುತ್ತದೆ. ಇಡೀ ಕಾಳು ಬೇಯಿಸಿ ಉಂಡಾಗ ಅದರ ಪಿಷ್ಟ ಮೆಲ್ಲಗೆ ಜೀರ್ಣವಾಗುತ್ತದೆ. ಯಂತ್ರದಲ್ಲಿ ಪೂರ್ತಿ ಬೆಂದು, ಹಿಗ್ಗಿ, ಹಗುರಾದ ಪಿಷ್ಟ ಎಂಜಲು ತಾಕಿದ ಕೂಡಲೇ ಕರಗತೊಡಗುತ್ತದೆ, ರಕ್ತದ ಸಕ್ಕರೆ ಬೇಗ ಏರುತ್ತದೆ. ನವಣಕ್ಕಿ ಅನ್ನಕ್ಕೆ ಹೇಳುವ ಒಳ್ಳೆಯ ಮಾತನ್ನು ನವಣೆ ಪಫ್ಸ್‌ಗೆ ಹಾಗೇ ದಾಟಿಸಬಾರದು. ಇದು ನಿಮ್ಮ ಯಜಮಾನರ ಚುರಮರಿಗೂ ಸಲ್ಲುತ್ತದೆ. ಭಟ್ಟಿಯಲ್ಲಿ ಉಬ್ಬಿದ ಚುರಮರಿ ಕೂಡ ಬೇಗ ಕರಗುವ ಪಿಷ್ಟವೇ, ಜೊತೆಗೆ ಅದನ್ನು ಹುರಿಯುವ ಮೊದಲು ಅಕ್ಕಿಗೆ ಉಪ್ಪುನೀರು ಹಿಡಿಸಿರುತ್ತಾರೆ. ಅಗ್ಗ ಎಂಬುದು ನಿಜ, ಆದರೆ ಅತ್ತೆಯವರ ಮುಂದೆ ಬುಟ್ಟಿಗಟ್ಟಲೆ ಇಡುವ ವಸ್ತು ಅದೂ ಅಲ್ಲ.

ಈಗ ಮಖಾನಾ. ಇದು ಬಿಹಾರದ ಕೆರೆಗಳಲ್ಲಿ ಹೆಚ್ಚಾಗಿ ಬೆಳೆಯುವ ನೀರಗಿಡವೊಂದರ ಬೀಜ, ಹುರಿದು ಒಡೆದು ಅರಳಿಸಿದ್ದು. ಕಮಲದ ಬೀಜ ಎನ್ನುವುದು ರೂಢಿಯ ತಪ್ಪು, ಗಿಡ ಬೇರೆ. ಬರೀ ಮಖಾನಾದಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ಪ್ರೋಟೀನ್ 100 ಗ್ರಾಂಗೆ ಸುಮಾರು 10 ಗ್ರಾಂ, ಉಳಿದದ್ದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಪಿಷ್ಟ. ಉಪವಾಸಕ್ಕೆ ನಡೆಯುತ್ತದೆ ಎಂದರೆ ಅದು ಧಾನ್ಯದ ಲೆಕ್ಕಕ್ಕೆ ಸೇರುವುದಿಲ್ಲ ಎಂಬ ಆಚಾರದ ಮಾತು. ಪಿಷ್ಟವಿಲ್ಲ ಎಂದು ಅದಕ್ಕೆ ಅರ್ಥವಿಲ್ಲ. ಅತ್ತೆಯವರಿಗೆ ಇದನ್ನು ಹೀಗೆ ಹೇಳಿ ನೋಡಿ: ಆ 60 ಗ್ರಾಂ ಪಾಕೀಟು ಮುಗಿಸಿದರೆ ಹೊಟ್ಟೆಗೆ ಹೋಗುವ ಪಿಷ್ಟ 38 ಗ್ರಾಂ, ಒಂದು ಅಗಲವಾದ ಜೋಳದ ರೊಟ್ಟಿಯಲ್ಲಿ ಇರುವಷ್ಟು. ಸಂಜೆ ಚಹಾದ ಜೊತೆ ಒಂದು ರೊಟ್ಟಿ ಹೆಚ್ಚುವರಿ ತಿಂದೆನೆಂದು ಲೆಕ್ಕ ಹಿಡಿಯಲು ಅವರು ಒಪ್ಪಿದರೆ ಅರ್ಧ ಕೆಲಸ ಆಯಿತು.

ಉಳಿದರ್ಧ ಮಸಾಲೆಯಲ್ಲಿದೆ. ‘ಹುರಿದದ್ದು, ಕರಿದದ್ದಲ್ಲ’ ಎಂಬ ಬರಹ ಸುಳ್ಳಲ್ಲ, ಆದರೂ ನಿಮ್ಮ ಪಾಕೀಟಿನಲ್ಲಿ 100 ಗ್ರಾಂಗೆ 20 ಗ್ರಾಂ ಕೊಬ್ಬಿದೆ. ಮಖಾನಾದಲ್ಲಿ ಇಲ್ಲದ ಕೊಬ್ಬು ಎಲ್ಲಿಂದ ಬಂತು? ಒಣ ಮಸಾಲೆ ಪುಡಿ ಒಣ ತಿನಿಸಿಗೆ ಅಂಟುವುದಿಲ್ಲ. ಹುರಿದ ಮೇಲೆ ಉರುಳುವ ಡ್ರಮ್ಮಿನಲ್ಲಿ ಹಾಕಿ ಎಣ್ಣೆ ಸಿಂಪಡಿಸಿ, ಮೇಲೆ ಪುಡಿ ಉದುರಿಸುತ್ತಾರೆ. ಮಖಾನಾ ಸ್ಪಂಜಿನಂತೆ ಸಂದುಗೊಂದುಗಳ ವಸ್ತು, ಸಿಂಪಡಿಸಿದ್ದನ್ನೆಲ್ಲ ಹೀರಿಕೊಂಡು ಕೈಗೆ ಎಣ್ಣೆ ಹತ್ತಗೊಡುವುದಿಲ್ಲ. ಕೈ ಒಣಗಿದೆ ಎಂದು ಎಣ್ಣೆ ಇಲ್ಲ ಎಂದುಕೊಳ್ಳಬೇಡಿ. ‘ಬೇಕ್ಡ್’ ಎಂದು ಬರೆದ ಬಹುಪಾಲು ಮಸಾಲೆ ತಿನಿಸಿಗೂ ಇದೇ ಕತೆ. ನಿಮ್ಮ ಮಖಾನಾಕ್ಕೆ ಸಿಂಪಡಿಸಿದ್ದು ಪಾಮೋಲಿನ್ ಅಲ್ಲ, ಅಕ್ಕಿತೌಡಿನ ಎಣ್ಣೆ ಎನ್ನುವುದು ಸ್ವಲ್ಪ ಒಳ್ಳೆಯದೇ. ಪಾಮೋಲಿನ್‌ನಲ್ಲಿ ಹೃದಯಕ್ಕೆ ಅಷ್ಟು ಒಳ್ಳೆಯದಲ್ಲದ ಸ್ಯಾಚುರೇಟೆಡ್ ಕೊಬ್ಬು ಶೇ. 40ಕ್ಕೂ ಹೆಚ್ಚು, ತೌಡಿನೆಣ್ಣೆಯಲ್ಲಿ ಅದರ ಅರ್ಧದಷ್ಟು. ಕ್ಯಾಲರಿ ಮಾತ್ರ ಎರಡಕ್ಕೂ ಒಂದೇ, ಗ್ರಾಂಗೆ 9.

ಬಿ.ಪಿ. ಇದ್ದವರಿಗೆ ಇದಕ್ಕಿಂತ ಮುಖ್ಯವಾದದ್ದು ಸೋಡಿಯಂ. ನಿಮ್ಮ ಮಖಾನಾದಲ್ಲಿ 100 ಗ್ರಾಂಗೆ 780 ಮಿ.ಗ್ರಾಂ ಎಂದಿದೆ. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ, ಅಂದರೆ ಸುಮಾರು 2 ಗ್ರಾಂ ಉಪ್ಪು. ದಿನಕ್ಕೆ ಎಲ್ಲ ಊಟ ಸೇರಿ 5 ಗ್ರಾಂ ಉಪ್ಪು, ಅಂದರೆ 2000 ಮಿ.ಗ್ರಾಂ ಸೋಡಿಯಂ ಮೀರಬಾರದೆಂಬುದು ದೊಡ್ಡವರಿಗೆಲ್ಲ ಹಾಕಿದ ಗೆರೆ. ಒಂದು ಪಾಕೀಟಿನಲ್ಲೇ 468 ಮಿ.ಗ್ರಾಂ, ಹತ್ತಿರ ಹತ್ತಿರ ಕಾಲು ಭಾಗ, ಸಂಜೆ ಐದಕ್ಕೇ ಮುಗಿದಿರುತ್ತದೆ. ನಮ್ಮ ಕಡೆ ರಾತ್ರಿ ಊಟಕ್ಕೆ ಉಪ್ಪಿನಕಾಯಿ, ಚಟ್ನಿಪುಡಿ, ಕೆಂಪು ಖಾರ ಎಲೆಯ ಬದಿಗೆ ಬರುತ್ತವೆಂಬುದನ್ನು ನಾನು ಹೇಳಬೇಕಾಗಿಲ್ಲ. ಹಿಮಾಲಯದ ಗುಲಾಬಿ ಉಪ್ಪು ಎಂದು ಬರೆದಿದ್ದರೆ ಸಮಾಧಾನಪಡಬೇಡಿ. ಅದರಲ್ಲೂ ಸೋಡಿಯಂ ಬಹುತೇಕ ಅಷ್ಟೇ ಇರುತ್ತದೆ, ಅಯೋಡಿನ್ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ.

ಇಲ್ಲೊಂದು ಚಿಕ್ಕ ಜಾಣತನ ಗಮನಿಸಿ. ಮುಂಭಾಗದಲ್ಲಿ ದೊಡ್ಡದಾಗಿ ‘ಒಂದು ಸರ್ವಿಂಗ್‌ಗೆ 94 ಕ್ಯಾಲರಿ’ ಎಂದಿದೆಯಲ್ಲ, ಅವರ ಸರ್ವಿಂಗ್ 20 ಗ್ರಾಂ. ಪಾಕೀಟಿನಲ್ಲಿ ಅಂಥವು ಮೂರು. ಹೀಗಾಗಿ ಎರಡು ತಿನಿಸನ್ನು ಹೋಲಿಸುವಾಗ ಯಾವಾಗಲೂ 100 ಗ್ರಾಂ ಸಾಲನ್ನೇ ನೋಡಬೇಕು, ತಿನ್ನುವಾಗ ಮಾತ್ರ ಪಾಕೀಟಿನ ಪೂರ್ತಿ ತೂಕಕ್ಕೆ ಲೆಕ್ಕ ಹಾಕಬೇಕು.

ಹಲಸಿನ ಚಿಪ್ಸ್ ಬಗ್ಗೆ ಒಳ್ಳೆಯ ಮಾತಿನಿಂದಲೇ ಶುರು ಮಾಡಬಹುದು. ಪಟ್ಟಿಯಲ್ಲಿ ಮೊದಲ ಸ್ಥಾನ ಹಲಸಿಗೆ, ಶೇ. 75. ವ್ಯಾಕ್ಯೂಮ್ ಫ್ರೈಯಿಂಗ್ ಎಂದರೆ ಮುಚ್ಚಿದ ಪಾತ್ರೆಯಿಂದ ಗಾಳಿ ಎಳೆದು ಒತ್ತಡ ಇಳಿಸಿ ಕರಿಯುವುದು. ಒತ್ತಡ ಇಳಿದಾಗ ನೀರು ಕಡಿಮೆ ಕಾವಿನಲ್ಲೇ ಕುದಿದು ಹೋಗುವುದರಿಂದ ಎಣ್ಣೆಯನ್ನು ಸುಮಾರು 90ರಿಂದ 120 ಡಿಗ್ರಿಯ ನಡುವೆ ಇಟ್ಟರೆ ಸಾಕು. ಮನೆಯ ಬಾಣಲೆಯಲ್ಲಿ 170-180 ಡಿಗ್ರಿ ಬೇಕಾಗುತ್ತದೆ. ಕಾವು ಕಡಿಮೆ ಇದ್ದಷ್ಟೂ ಹಣ್ಣಿನ ಬಣ್ಣ, ವಾಸನೆ ಉಳಿಯುತ್ತದೆ. ಅತಿ ಕಾವಿನಲ್ಲಿ ಪಿಷ್ಟದ ತಿನಿಸುಗಳಲ್ಲಿ ಹುಟ್ಟುವ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕವೂ ಕಡಿಮೆ. ಆದರೂ ಅದು ಕರಿದ ತಿನಿಸೇ. ಕರಿದು ಮುಗಿದು ಪಾತ್ರೆಗೆ ಗಾಳಿ ಬಿಟ್ಟಾಗ ಚಿಪ್ಸ್‌ನ ಮೇಲಿದ್ದ ಎಣ್ಣೆ ಒಳಗಿನ ತೂತುಗಳಿಗೆ ನುಗ್ಗುತ್ತದೆ. ಒಳ್ಳೆಯ ಘಟಕದವರು ಗಾಳಿ ಬಿಡುವ ಮೊದಲೇ ಗಿರಗಿರ ತಿರುಗಿಸಿ ಎಣ್ಣೆ ಸಿಡಿಸಿ ತೆಗೆಯುತ್ತಾರೆ, ಆ ಹಂತ ಬಿಟ್ಟವರ ಚಿಪ್ಸ್ ಜಿಡ್ಡು ಜಿಡ್ಡಾಗಿರುತ್ತದೆ. ನಿಮ್ಮ ಪಾಕೀಟಿನಲ್ಲಿ 100 ಗ್ರಾಂಗೆ 24 ಗ್ರಾಂ ಕೊಬ್ಬು. ಸಾಮಾನ್ಯ ಆಲೂ ಚಿಪ್ಸ್‌ನ ಸುಮಾರು 33-35ರ ಮುಂದೆ ಇದು ಮೇಲು, ಆದರೆ 50 ಗ್ರಾಂ ತಿಂದರೆ ಎರಡೂವರೆ ಚಮಚ ಎಣ್ಣೆ.

‘ಸಕ್ಕರೆ ಸೇರಿಸಿಲ್ಲ’ ಎಂಬುದೂ ನಿಜ. ಹಲಸಿನ ತೊಳೆಯ ನೀರೆಲ್ಲ ಹೋದ ಮೇಲೆ ಅದರದೇ ಸಕ್ಕರೆ ಒತ್ತಾಗಿ ಉಳಿಯುತ್ತದೆ. ಪೋಷಕಾಂಶದ ಪಟ್ಟಿಯಲ್ಲಿ ‘ಒಟ್ಟು ಸಕ್ಕರೆ 30 ಗ್ರಾಂ, ಸೇರಿಸಿದ ಸಕ್ಕರೆ 0’ ಎಂದಿದೆ ನೋಡಿ. 50 ಗ್ರಾಂಗೆ 15 ಗ್ರಾಂ, ಅಂದರೆ ಮೂರು ಚಮಚ. ರಕ್ತಕ್ಕೆ ಅದು ಸೇರಿಸಿದ್ದೋ ಹುಟ್ಟಿನಿಂದ ಬಂದದ್ದೋ ಗೊತ್ತಾಗುವುದಿಲ್ಲ. ಬೆಲ್ಲ, ಖರ್ಜೂರದ ಪಾಕ, ಜೇನು ಹಾಕಿದ ಬಾರ್‌ಗಳಿಗೂ ಇದೇ ಮಾತು. ಖಾರದ ತಿನಿಸಿನಲ್ಲಿ ‘ಮಾಲ್ಟೋಡೆಕ್ಸ್‌ಟ್ರಿನ್’ ಎಂಬ ಹೆಸರು ಪಟ್ಟಿಯ ಮೊದಲ ನಾಲ್ಕೈದರಲ್ಲಿ ಕಂಡರೆ ಅದನ್ನೂ ಸಕ್ಕರೆಯ ತಮ್ಮನೆಂದೇ ತಿಳಿಯಿರಿ. ಸಿಹಿ ಇಲ್ಲದಿದ್ದರೂ ರಕ್ತದ ಸಕ್ಕರೆಯನ್ನು ಅಷ್ಟೇ ಬೇಗ ಏರಿಸುತ್ತದೆ. ಶುಗರ್‌ಫ್ರೀ ಬಾರ್‌ಗಳಲ್ಲಿ ಸಕ್ಕರೆಯ ಬದಲಿಗೆ ಸಿಹಿ ಕೊಡುವ ಮಾಲ್ಟಿಟಾಲ್, ಸಾರ್ಬಿಟಾಲ್ ಇದ್ದರೆ ಒಂದರ ಮೇಲೊಂದು ತಿಂದ ದಿನ ಹೊಟ್ಟೆ ಉಬ್ಬರ, ಭೇದಿ ಆಗಬಹುದು. ಆ ಎಚ್ಚರಿಕೆಯ ಸಾಲು ಪಾಕೀಟಿನ ಮೇಲೇ ಇರುತ್ತದೆ, ಯಾರೂ ಓದುವುದಿಲ್ಲ.

ಪ್ರೋಟೀನ್ ಚಿಪ್ಸ್‌ಗೆ ಬರೋಣ. ಇವತ್ತು ಅತಿ ಹೆಚ್ಚು ರೊಕ್ಕ ಕೀಳುವ ಪದ ಇದು. ಕಾನೂನಿನ ಪ್ರಕಾರ 100 ಗ್ರಾಂ ತಿನಿಸಿನಲ್ಲಿ ದಿನದ ಅಗತ್ಯದ ಶೇ. 20ರಷ್ಟು ಪ್ರೋಟೀನ್ ಇದ್ದರೆ ‘ಹೈ ಪ್ರೋಟೀನ್’ ಎನ್ನಬಹುದು, ಶೇ. 10 ಇದ್ದರೆ ‘ಪ್ರೋಟೀನ್ ಮೂಲ’ ಎನ್ನಬಹುದು. ದಿನದ ಅಗತ್ಯವನ್ನು 54 ಗ್ರಾಂ ಎಂದು ಹಿಡಿದರೆ ಈ ಎರಡು ಗೆರೆ 10.8 ಮತ್ತು 5.4 ಗ್ರಾಂಗೆ ಬೀಳುತ್ತವೆ. ಅಂಕಿಯ ಲೆಕ್ಕಕ್ಕಷ್ಟೇ ಹೋದರೆ 7 ಗ್ರಾಂ ಪ್ರೋಟೀನ್ ಇರುವ ಚುರಮರಿಯೂ ‘ಪ್ರೋಟೀನ್ ಮೂಲ’ವೇ! ನಿಮ್ಮ ಬಟಾಣಿ ಚಿಪ್ಸ್‌ನಲ್ಲಿ 100 ಗ್ರಾಂಗೆ 20 ಗ್ರಾಂ ಇದೆ, ಆದ್ದರಿಂದ ಹೆಸರಿಗೆ ಮೋಸವಿಲ್ಲ. ಆದರೆ ಪಾಕೀಟು 30 ಗ್ರಾಂ, ಸಿಗುವುದು 6 ಗ್ರಾಂ. ಒಂದು ಹಿಡಿ ಹುರಿದ ಶೇಂಗಾದಲ್ಲಿ, ಅಂದರೆ 25 ಗ್ರಾಂನಲ್ಲಿ, ಅಷ್ಟೇ ಪ್ರೋಟೀನ್ ಇದೆ. 27-28 ಗ್ರಾಂ ಪುಟಾಣಿಯಲ್ಲೂ ಅಷ್ಟೇ. ಬಟಾಣಿ ಪ್ರೋಟೀನ್ ಕೆಟ್ಟದ್ದಲ್ಲ, ಜೋಳದ ರೊಟ್ಟಿಯ ಜೊತೆ ಬೇಳೆಯ ಪಲ್ಯ ಉಣ್ಣುವ ಮನೆಯಲ್ಲಿ ಅದರ ಕೊರತೆ ತುಂಬಬೇಕಾದ ಅಗತ್ಯ ಮಾತ್ರ ಇಲ್ಲ. ನಿಮ್ಮ ಒಂಬತ್ತು ವರ್ಷದ ಹುಡುಗನಿಗೆ ದಿನಕ್ಕೆ ಸುಮಾರು 23 ಗ್ರಾಂ ಪ್ರೋಟೀನ್ ಸಾಕು. ಎರಡು ಲೋಟ ಹಾಲು, ಎರಡು ಹೊತ್ತು ಬೇಳೆ-ರೊಟ್ಟಿ ಅದನ್ನು ದಾಟಿಸುತ್ತವೆ. ಶೇಂಗಾ ಅಲರ್ಜಿ ಇರುವ ಮಕ್ಕಳಿದ್ದರೆ ಬಟಾಣಿ ಪ್ರೋಟೀನನ್ನು ಮೊದಲ ಸಲ ಕೊಡುವಾಗ ಎಚ್ಚರ ಬೇಕು, ಎರಡೂ ದ್ವಿದಳ ಕುಲದವು.

ಸ್ಪಿರುಲಿನಾ, ನುಗ್ಗೆಸೊಪ್ಪಿನ ಪುಡಿ ಹಾಕಿದ ಹಸಿರು ಪಫ್ಸ್ ಕೂಡ ಮುಂದೆ ನಿಮ್ಮ ಕೈಗೆ ಬಂದೀತು. ಸ್ಪಿರುಲಿನಾ ಒಣಗಿಸಿದ ಪಾಚಿ, ಅದರ ತೂಕದ ಶೇ. 60ರಷ್ಟು ಪ್ರೋಟೀನೇ. ಆದರೆ ವಾಸನೆ ತಡೆಯಲಾರದೆ ತಿನಿಸಿಗೆ ಶೇ. 1ರ ಆಸುಪಾಸು ಹಾಕುತ್ತಾರೆ. 30 ಗ್ರಾಂ ಪಾಕೀಟಿನಲ್ಲಿ ಅದರಿಂದ ಬರುವ ಪ್ರೋಟೀನ್ 0.2 ಗ್ರಾಂ ಕೂಡ ಆಗದು. ಬಣ್ಣ ಸಿಗುತ್ತದೆ, ಅಷ್ಟೇ.

ಕರೀ ಪಫ್ಸ್ ಒಂದನ್ನು ಮಾತ್ರ ನಾನು ಸೀದಾ ಬೇಡವೆನ್ನುತ್ತೇನೆ, ಅದೂ ಅತ್ತೆಯವರ ಮಟ್ಟಿಗೆ. ಸಕ್ರಿಯ ಇದ್ದಿಲಿನ ಗುಣವೇ ತನ್ನ ಮೈಮೇಲೆ ಬೇರೆ ವಸ್ತುಗಳನ್ನು ಹಿಡಿದಿಟ್ಟುಕೊಳ್ಳುವುದು. ವಿಷ ಸೇವಿಸಿದವರಿಗೆ ಆಸ್ಪತ್ರೆಯಲ್ಲಿ ಅದನ್ನು ಕೊಡುವುದು ಅದಕ್ಕಾಗಿಯೇ. ಒಳ್ಳೆಯ ಔಷಧಿ ಯಾವುದು, ವಿಷ ಯಾವುದು ಎಂದು ಅದು ಆರಿಸುವುದಿಲ್ಲ. ತಿನಿಸಿನಲ್ಲಿ ಇರುವ ಪ್ರಮಾಣ ಕಡಿಮೆ ಇರಬಹುದು, ಆದರೆ ದಿನಕ್ಕೆ ಶುಗರ್, ಬಿ.ಪಿ. ಎರಡರ ಗುಳಿಗೆ ನುಂಗುವವರು ಏನೂ ಲಾಭವಿಲ್ಲದ ಒಂದು ಕಪ್ಪು ಬಣ್ಣಕ್ಕಾಗಿ ಆ ಗಂಡಾಂತರ ಹೊರುವುದು ಯಾಕೆ? ‘ಡಿಟಾಕ್ಸ್’ ಎಂದು ಅದರ ಮೇಲೆ ಬರೆದದ್ದಕ್ಕೆ ಬೆಲೆ ಕೊಡಬೇಡಿ, ದೇಹದ ಕಸ ತೆಗೆಯುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡದ್ದು.

ಹುಳದ ಬಾರ್ ಬಗ್ಗೆ. ಅದು ಮಿಡತೆಯ ಬಳಗದ ಕ್ರಿಕೆಟ್ ಹುಳುವನ್ನು ಸಾಕಿ, ಒಣಗಿಸಿ ಮಾಡಿದ ಪುಡಿ. ಥಾಯ್ಲೆಂಡಿನಲ್ಲಿ ಹುಳು ತಿನ್ನುವುದು ಹಳೆಯ ರೂಢಿ, ಸಿಂಗಾಪುರ 2024ರಲ್ಲಿ 16 ಜಾತಿಯ ಹುಳುಗಳಿಗೆ ಒಪ್ಪಿಗೆ ಕೊಟ್ಟಿದೆ. ನಮ್ಮಲ್ಲಿ ಇಂಥ ಹೊಸ ಆಹಾರವನ್ನು ಮಾರುವ ಮೊದಲು 2017ರ ನಿಯಮದಡಿ ಆಹಾರ ಸುರಕ್ಷತಾ ಪ್ರಾಧಿಕಾರದ ಅನುಮತಿ ಪಡೆಯಬೇಕು. ಪ್ರೋಟೀನ್ ಅದರಲ್ಲಿ ನಿಜವಾಗಿಯೂ ಚೆನ್ನಾಗಿದೆ. ಆದರೆ ಸೀಗಡಿ, ಏಡಿ ಒಗ್ಗದವರಿಗೆ ಇದೂ ಒಗ್ಗದೆ ಮೈಮೇಲೆ ಗಂಧೆ ಏಳುವುದು, ಉಸಿರು ಕಟ್ಟುವುದು ಆಗಬಹುದು, ಏಕೆಂದರೆ ಅಲರ್ಜಿ ತರುವ ಪ್ರೋಟೀನ್ ಎರಡರಲ್ಲೂ ಒಂದೇ ಬಗೆಯದು. ಸಸ್ಯಾಹಾರಿ ಮನೆಯಲ್ಲಿ ಸೀಗಡಿ ಒಗ್ಗುತ್ತದೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಮಗನ ಕೈಗೆ ಸಿಗದಂತೆ ಎತ್ತಿಡಿ. ಮೈದುನರು ತಿನ್ನುವುದಾದರೆ ತಿನ್ನಲಿ.

ಒಂದು ಭಯವನ್ನು ಮಾತ್ರ ಇಳಿಸಿಬಿಡಿ. ಪಟ್ಟಿಯಲ್ಲಿ ಐಎನ್‌ಎಸ್ ಸಂಖ್ಯೆಗಳು (ರುಚಿ, ಬಣ್ಣ, ಬಾಳಿಕೆಗೆ ಸೇರಿಸಿದ ವಸ್ತುಗಳ ಸಂಕೇತಗಳು) ಕಂಡರೆ ಎಲ್ಲವೂ ವಿಷ ಎಂದು ವಾಟ್ಸಾಪ್‌ನಲ್ಲಿ ಬರುತ್ತದೆ. 330 ಎಂದರೆ ಲಿಂಬೆಯಲ್ಲಿರುವ ಹುಳಿ, 300 ಎಂದರೆ ಸಿ ಜೀವಸತ್ವ, 500 ಎಂದರೆ ಅಡುಗೆ ಸೋಡಾದ ಕುಟುಂಬ, 551 ಎಂದರೆ ಪುಡಿ ಗಂಟು ಕಟ್ಟದಂತೆ ಹಾಕುವ ಸಿಲಿಕಾ. 627, 631, 635 ರುಚಿ ಹೆಚ್ಚಿಸುವವು. ಅವು ಯೂರಿಕ್ ಆಮ್ಲ ಹೆಚ್ಚಿದ್ದು ಕೀಲುನೋವು ಇರುವವರು ಗಮನಿಸಬೇಕಾದವು, ಉಳಿದವರಿಗೆ ಅವುಗಳಿಂದ ಆಗುವ ದೊಡ್ಡ ಹಾನಿ ಎಂದರೆ ಒಂದು ತುತ್ತಿಗೆ ನಿಲ್ಲಿಸಲು ಆಗದಿರುವುದು.

ಅಂಗಡಿಯಲ್ಲಿ ನಿಂತು ಇಷ್ಟೆಲ್ಲ ಲೆಕ್ಕ ಹಾಕಲಾಗದು, ಒಪ್ಪುತ್ತೇನೆ. ಪಾಕೀಟು ತಿರುಗಿಸಿ ಅರ್ಧ ನಿಮಿಷದಲ್ಲಿ ನೋಡಬಹುದಾದದ್ದು ಇಷ್ಟು. ಹೆಸರಿನಲ್ಲಿರುವ ಪದಾರ್ಥ ಪಟ್ಟಿಯ ಮೊದಲ ಎರಡರೊಳಗೆ ಇರಲಿ, ಶೇ. 40ಕ್ಕಿಂತ ಕಡಿಮೆ ಇದ್ದರೆ ಆ ಹೆಸರಿಗೆ ಹೆಚ್ಚು ಬೆಲೆ ಕೊಡಬೇಡಿ. 100 ಗ್ರಾಂ ಸಾಲಿನಲ್ಲಿ ಕೊಬ್ಬು 15 ಗ್ರಾಂ, ಸೋಡಿಯಂ 500 ಮಿ.ಗ್ರಾಂ, ಸೇರಿಸಿದ ಸಕ್ಕರೆ 5 ಗ್ರಾಂ ಒಳಗಿದ್ದರೆ ಒಳ್ಳೆಯ ತಿನಿಸು. ಇದು ಕಾನೂನಿನ ಗೆರೆಯಲ್ಲ, ಬಳಕೆಗೆ ಅನುಕೂಲವಾಗುವಂತೆ ನಾನು ಹಾಕಿಕೊಂಡ ಅಳತೆ. ಶೇಂಗಾ, ಬಾದಾಮಿ ಹೆಚ್ಚಿರುವ ತಿನಿಸಿಗೆ ಕೊಬ್ಬಿನ ಗೆರೆ ಸಡಿಲಿಸಬಹುದು. ನಾರು 6 ಗ್ರಾಂ ದಾಟಿದ್ದರೆ ಇನ್ನೂ ಒಳ್ಳೆಯದು. ‘ಟ್ರಾನ್ಸ್ ಫ್ಯಾಟ್ ಇಲ್ಲ’ ಎಂಬುದನ್ನು ದೊಡ್ಡ ಗುಣವೆಂದು ಎಣಿಸಬೇಡಿ. ಹೃದಯಕ್ಕೆ ಹಾನಿ ಮಾಡುವ ಆ ಕೊಬ್ಬು 2022ರಿಂದ ಎಣ್ಣೆ-ಕೊಬ್ಬುಗಳಲ್ಲಿ ಶೇ. 2 ಮೀರುವಂತೆಯೇ ಇಲ್ಲ. ಬೆಲೆಗೆ ಪ್ರತಿ ಗ್ರಾಂ ದರ ಎಂಬ ಚಿಕ್ಕ ಅಕ್ಷರ ಹುಡುಕಿ. ನಿಮ್ಮ ಮಖಾನಾ 100 ಗ್ರಾಂಗೆ 248 ರೂಪಾಯಿ ಬಿದ್ದಿದೆ, ಹಲಸು 240, ಪಫ್ಸ್ ಮತ್ತು ಬಟಾಣಿ ಚಿಪ್ಸ್ ತಲಾ 200. ಇವುಗಳಲ್ಲಿ ಅತಿ ದುಬಾರಿ ಎನ್ನಬೇಕಾದದ್ದು ರಾಗಿ ಪಫ್ಸ್, ಏಕೆಂದರೆ ಅಲ್ಲಿ 200 ರೂಪಾಯಿ ಕೊಟ್ಟು ಕೊಂಡದ್ದು ಅಕ್ಕಿ, ಮೆಕ್ಕೆಜೋಳ ಮತ್ತು ಪಾಮೋಲಿನ್.

ಇನ್ನು ನಿಮ್ಮ ಮುಂದಿರುವ ದಾರಿಗಳು. ಇವನ್ನೇ ತರುವುದಾದರೆ ಮಸಾಲೆ ಹಾಕದ ಕಚ್ಚಾ ಮಖಾನಾ ತನ್ನಿ. 50 ಗ್ರಾಂಗೆ ಒಂದು ಸಣ್ಣ ಚಮಚ ತುಪ್ಪ, ದಪ್ಪ ತಳದ ಬಾಣಲೆ, ಸಣ್ಣ ಉರಿ, 10-12 ನಿಮಿಷ ಕೈಯಾಡಿಸುತ್ತಿರಬೇಕು. ಒಂದನ್ನು ಆರಿಸಿ ಒತ್ತಿದರೆ ಮೆತ್ತಗಾಗದೆ ಪುಡಿಯಾಗಬೇಕು. ಉರಿ ಜೋರಾದರೆ ಹೊರಗೆ ಕಪ್ಪಾಗಿ ಒಳಗೆ ರಬ್ಬರ್‌ನಂತೆ ಉಳಿಯುತ್ತದೆ. ಇಳಿಸಿದ ಮೇಲೆ ಕಾಳುಮೆಣಸಿನ ಪುಡಿ, ಚಿಟಿಕೆ ಉಪ್ಪು.

ಇನ್ನೊಂದು ದಾರಿ ನಮ್ಮ ಪಂಚಮಿಯ ಜೋಳದ ಅಳ್ಳು. ಇದು ಇಡೀ ಕಾಳು ಸಿಪ್ಪೆಯ ಸಮೇತ ಅರಳಿದ್ದು, ನಾರು ಹಾಗೇ ಇರುತ್ತದೆ. 100 ಗ್ರಾಂ ಅಳ್ಳನ್ನು ಜರಡಿ ಹಿಡಿದು ಅರಳದ ಕಾಳು ತೆಗೆಯಿರಿ, ಅತ್ತೆಯವರ ಹಲ್ಲಿಗೆ ಅದು ಕಲ್ಲು. ಎರಡು ಸಣ್ಣ ಚಮಚ ಎಣ್ಣೆಯಲ್ಲಿ ಜಜ್ಜಿದ ಬಳ್ಳೊಳ್ಳಿ, ಕರಿಬೇವು ಗರಿಗರಿ ಆದ ಮೇಲೆ ಹುರಿದ ಶೇಂಗಾ 40 ಗ್ರಾಂ, ಪುಟಾಣಿ 40 ಗ್ರಾಂ ಹಾಕಿ, ಉರಿ ಆರಿಸಿ ಅರಿಶಿನ, ಒಂದು ಚಮಚ ಬ್ಯಾಡಗಿ ಖಾರ, 2 ಗ್ರಾಂ ಉಪ್ಪು ಸೇರಿಸಿ ಅಳ್ಳನ್ನು ಹೊರಳಾಡಿಸಿ. ಖಾರದ ಪುಡಿಯನ್ನು ಉರಿಯ ಮೇಲೇ ಹಾಕಿದರೆ ಸೀದು ಕಹಿಯಾಗುತ್ತದೆ. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ, ಆದ್ದರಿಂದ ಉಪ್ಪು ಕಡಿಮೆ ಬಿದ್ದದ್ದನ್ನು ಕಣ್ಣು ಮರೆಸುತ್ತದೆ. ಸುಮಾರು 200 ಗ್ರಾಂ ಚೂಡಾ ಆಗುತ್ತದೆ. 100 ಗ್ರಾಂಗೆ ಪ್ರೋಟೀನ್ 14 ಗ್ರಾಂ ಆಸುಪಾಸು, ಕೊಬ್ಬು 15, ಸೋಡಿಯಂ 400. ಪಾಕೀಟಿಗೆ ತುಂಬಿದರೆ ಇದಕ್ಕೂ ‘ಹೈ ಪ್ರೋಟೀನ್’ ಎಂದು ಬರೆಯುವ ಹಕ್ಕಿದೆ.

ಮೂರನೆಯದು, ಮಹಿಳಾ ಸಂಘಗಳು, ಸಣ್ಣ ಘಟಕಗಳು ಮಾಡುವ ಸಿರಿಧಾನ್ಯದ ಚಕ್ಕುಲಿ, ಸಾವಿ-ನವಣಿ ಉಂಡಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಇವು ಸಾಲುಸಾಲಾಗಿ ಸಿಗುತ್ತವೆ. ಇಲ್ಲಿ ಧಾನ್ಯದ ಪಾಲು ದೊಡ್ಡದು, ಬೆಲೆಯೂ ನ್ಯಾಯವಾದದ್ದು. ತೊಂದರೆ ಬೇರೆ ಕಡೆ ಇದೆ. ಪೋಷಕಾಂಶದ ಪಟ್ಟಿ ಇರುವುದಿಲ್ಲ ಅಥವಾ ಬೇರೆ ಯಾರದ್ದೋ ನಕಲಾಗಿರುತ್ತದೆ, ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿರಬಹುದು, ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ತೇವ ನುಗ್ಗುತ್ತದೆ. ಸಜ್ಜೆಯಂಥ ಧಾನ್ಯದಲ್ಲಿ ಎಣ್ಣೆಯಂಶ ಹೆಚ್ಚು, ಹಿಟ್ಟಾದ ಮೇಲೆ ಅದು ಬೇಗ ಕಮಟುತ್ತದೆ. ಪಾಕೀಟು ಒಡೆದ ಕೂಡಲೇ ಮೂಗಿಗೆ ಹಿಡಿಯಿರಿ. ಹಳೆಯ ಬಣ್ಣದ ಡಬ್ಬಿಯ ವಾಸನೆ ಬಂದರೆ, ನಾಲಗೆಯ ಹಿಂದೆ ಕಹಿ ಉಳಿದರೆ, ತಾರೀಕು ಏನೇ ಇರಲಿ ಎಸೆಯಿರಿ. ತಯಾರಾದ ದಿನ ನಮೂದಿಸದ್ದನ್ನು ಕೊಳ್ಳಬೇಡಿ. ಪಾಕೀಟಿನ ಮೇಲಿನ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ಸಣ್ಣವರ ನೋಂದಣಿ. ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ಹಾಕಿದರೆ ಅದು ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ತಿನಿಸು ಒಳ್ಳೆಯದು ಎಂಬ ಪ್ರಮಾಣಪತ್ರ ಅದಲ್ಲ, ಯಾರನ್ನು ಕೇಳಬೇಕೆಂಬ ವಿಳಾಸ.

ಅತ್ತೆಯವರಿಗೆ ಯಾವುದೇ ಇರಲಿ, ಪಾಕೀಟು ಕೈಗೆ ಕೊಡದೆ ಚಿಕ್ಕ ಬಟ್ಟಲಿಗೆ 20 ಗ್ರಾಂ ಹಾಕಿ ಕೊಡಿ, ಜೊತೆಗೆ ಸವತೆಕಾಯಿ ಅಥವಾ ಒಂದು ಲೋಟ ಸಪ್ಪನೆ ಮಜ್ಜಿಗೆ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ವಾದಕ್ಕೆ ಅದನ್ನೇ ಪಂಚರನ್ನಾಗಿ ಕೂರಿಸಿ: ತಿನ್ನುವ ಮೊದಲು ಒಮ್ಮೆ, ತಿನ್ನಲು ಶುರು ಮಾಡಿದ ಎರಡು ತಾಸಿಗೆ ಒಮ್ಮೆ. ಒಂದು ದಿನ ಮಖಾನಾ, ಇನ್ನೊಂದು ದಿನ ಅಷ್ಟೇ ತೂಕದ ಅಳ್ಳಿನ ಚೂಡಾ, ಮತ್ತೊಂದು ದಿನ ಚುರಮರಿ. ಗುಳಿಗೆ, ಊಟದ ಹೊತ್ತು ಮೂರೂ ದಿನ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಅಂಕಿಗಳನ್ನು ಬರೆದು ಅವರ ವೈದ್ಯರಿಗೆ ತೋರಿಸಿ. ನಿಮ್ಮ ಮಾತು ಕೇಳದವರು ಅಂಕಿ ಕಂಡರೆ ಕೇಳುವುದುಂಟು.

ಗಿಫ್ಟ್ ಬಾಕ್ಸ್ ಕೊಳ್ಳುವುದು ನಿಮ್ಮ ಇಷ್ಟ, ಆದರೆ ಹೊರಗಿನ ರಟ್ಟಿನ ಮೇಲಿನ ತಾರೀಕು ನೋಡಿ ತೃಪ್ತರಾಗಬೇಡಿ. ಬಾಕ್ಸ್ ಬಿಚ್ಚಿಸಿ ಒಳಗಿನ ಒಂದೊಂದು ಪಾಕೀಟಿನ ‘ಬೆಸ್ಟ್ ಬಿಫೋರ್’ ಓದಿ, ಅವಧಿ ಮುಗಿಯಲು ಬಂದ ಮಾಲನ್ನು ಹಬ್ಬದ ಕಾಂಬೋಗಳಲ್ಲಿ ಸೇರಿಸಿ ಸಾಗಿಸುವುದು ನಡೆದೇ ಇದೆ. ಹಬ್ಬದ ದಿನಕ್ಕಿಂತ ಕನಿಷ್ಠ ಎರಡು ತಿಂಗಳು ಉಳಿದಿರಲಿ. ಪಾಕೀಟು ಗಾಳಿ ತುಂಬಿ ಬಿಗಿಯಾಗಿರಬೇಕು, ಅದು ಸಾಮಾನ್ಯವಾಗಿ ಕಮಟು ತಡೆಯಲು ತುಂಬಿದ ನೈಟ್ರೋಜನ್. ಸಡಿಲಾಗಿದ್ದರೆ ಎಲ್ಲೋ ಸೋರಿದೆ ಎಂದರ್ಥ. ಕೊಡುವ ಮನೆಯಲ್ಲಿ ಗೋಡಂಬಿ, ಬಾದಾಮಿ, ಸೋಯಾ ಒಗ್ಗದವರಿದ್ದಾರೆಯೇ ಎಂದು ಒಂದು ಮಾತು ಕೇಳಿಕೊಳ್ಳಿ. ಮತ್ತೆ ಆ ಇದ್ದಿಲಿನ ಪಫ್ಸ್ ಬಾಕ್ಸಿನಲ್ಲಿದ್ದರೆ ಬದಲಿಸಿ ಕೊಡಲು ಅಂಗಡಿಯವರಿಗೆ ಹೇಳಿ.